ಜಾಯಿಂಟಿನಲ್ಲಿ ಸತು ಏನಾಗುತ್ತದೆ?

ಮಳೆ ಚೆನ್ನಾಗಿ ಬೀಳುವ ಯಾವುದೇ ಊರಿನಲ್ಲಿ ಮೂರು ನಾಲ್ಕು ವರ್ಷ ಹಳೆಯದಾದ ಜಿಐ, ಅಂದರೆ ಸತು ಹೊದಿಸಿದ ಕಬ್ಬಿಣದ, ಪೈಪಿನ ಗೇಟನ್ನು ಹತ್ತಿರ ನಿಂತು ನೋಡಿ. ಪೈಪಿನ ನಡುಭಾಗ ಮಂಕು ಬೂದುಬಣ್ಣಕ್ಕೆ ತಿರುಗಿದ್ದರೂ ಗಟ್ಟಿಯಾಗಿಯೇ ಇರುತ್ತದೆ. ತುಕ್ಕು ಕಾಣುವುದು ಅಡ್ಡ ಪೈಪು ಬಂದು ನೆಟ್ಟ ಪೈಪಿಗೆ ಸೇರುವ ಕಡೆ, ವೆಲ್ಡಿಂಗಿನ ಗಂಟಿನ ಸುತ್ತ. ಅಲ್ಲಿಂದ ಕೆಂಪು ಗೆರೆ ಕೆಳಕ್ಕೆ ಇಳಿದಿರುತ್ತದೆ. ತಾರಸಿಯ ಟ್ಯಾಂಕಿನಿಂದ ಬರುವ ಹಳೆಯ ನೀರಿನ ಪೈಪಿನಲ್ಲೂ ಹೀಗೆಯೇ. ಸಾಕೆಟ್ ಮುಗಿದು ಪೈಪು ಶುರುವಾಗುವ ಅಂಚಿನಲ್ಲಿ, ಎರಡು ಮೂರು ಸುತ್ತು ಥ್ರೆಡ್ ಹೊರಗೆ ಉಳಿದಿರುವ ಜಾಗದಲ್ಲಿ ಮೊದಲು ತುಕ್ಕು ಹುಟ್ಟುತ್ತದೆ. ಕೊನೆಗೆ ಪೈಪು ಸೋರುವುದೂ, ಮುರಿಯುವುದೂ ಅಲ್ಲಿಯೇ.

ಕಾರ್ಖಾನೆಯವರು ಪೈಪಿನ ಉದ್ದಕ್ಕೂ ಸತುವಿನ ಹೊದಿಕೆ ಕೊಟ್ಟು ಕಳಿಸುತ್ತಾರೆ. ಅದನ್ನು ಕತ್ತರಿಸಿ, ಕೊರೆದು, ಸುಟ್ಟು, ಕೂಡಿಸುವ ಕೆಲಸ ನಡೆಯುವುದು ನಮ್ಮ ಅಂಗಳದಲ್ಲಿ. ಜಿಐ ಪೈಪನ್ನು ಜೋಡಿಸಲು ಹತ್ತಾರು ಬಗೆಗಳಿವೆ. ಯಾವುದು ಒಳ್ಳೆಯದು ಎಂದು ಕೇಳಿದರೆ ಸಾಮಾನ್ಯವಾಗಿ ಗಟ್ಟಿತನ, ಖರ್ಚು, ವೇಗ ಈ ಮೂರರ ಲೆಕ್ಕದಲ್ಲಿ ಉತ್ತರ ಬರುತ್ತದೆ. ಆ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂಬುದು ನನ್ನ ಅಭಿಪ್ರಾಯ: ಈ ಜಾಯಿಂಟ್ ಮಾಡುವಾಗ ಸತು ಏನಾಗುತ್ತದೆ? ಈ ಅಧ್ಯಾಯದಲ್ಲಿ ಒಂದೊಂದು ಬಗೆಯ ಜಾಯಿಂಟನ್ನೂ ಈ ಪ್ರಶ್ನೆಯಿಂದಲೇ ನೋಡೋಣ.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ ಅದಕ್ಕೆ ರಕ್ಷಣೆ ಸಿಗುತ್ತದೆಂದು ಫ್ರಾನ್ಸಿನ ಪೌಲ್ ಜಾಕ್ ಮಾಲುಯೆ 1742ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಗೆ ತಿಳಿಸಿದ್ದ. ಅದನ್ನು ಉದ್ಯಮವಾಗಿಸುವ ಪೇಟೆಂಟ್ ಪಡೆದವನು ಸ್ಟಾನಿಸ್ಲಾಸ್ ಸೊರೆಲ್, 1837ರಲ್ಲಿ. ವಿಧಾನ ಇಂದಿಗೂ ಹೆಚ್ಚು ಬದಲಾಗಿಲ್ಲ. ಪೈಪನ್ನು ಆಮ್ಲದಲ್ಲಿ ತೊಳೆದು ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಸತುವಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಅಲ್ಲಿ ಸತು ಬಣ್ಣದ ಹಾಗೆ ಮೇಲೆ ಮೆತ್ತಿಕೊಳ್ಳುವುದಿಲ್ಲ. ಕಬ್ಬಿಣದೊಂದಿಗೆ ಬೆರೆತು ಪದರ ಪದರವಾಗಿ ಮಿಶ್ರಲೋಹವಾಗುತ್ತದೆ. ಒಳಪದರಗಳು ಮೂಲ ಉಕ್ಕಿಗಿಂತಲೂ ಗಡಸು. ಮೇಲ್ಪದರ ಮಾತ್ರ ಮೆತ್ತನೆಯ ಅಪ್ಪಟ ಸತು. ಪೈಪನ್ನು ಲಾರಿಯಿಂದ ಧೊಪ್ಪೆಂದು ಎಸೆದರೂ ಹೊದಿಕೆ ಸುಲಭಕ್ಕೆ ಕಿತ್ತುಬರದಿರುವುದು ಇದರಿಂದಲೇ.

ನಮ್ಮಲ್ಲಿ ಇಂಥ ನೀರಿನ ಪೈಪಿಗೆ ಒಂದು ಚದರ ಮೀಟರಿಗೆ ಸುಮಾರು 400 ಗ್ರಾಂ ಸತು ಇರಬೇಕೆಂಬುದು ಮಾನಕ. ದಪ್ಪದಲ್ಲಿ ಹೇಳುವುದಾದರೆ 56 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹದಿನೆಂಟನೆಯ ಒಂದು ಭಾಗ. ಒಳನಾಡಿನ ಶುದ್ಧ ಗಾಳಿಯಲ್ಲಿ ಸತು ವರ್ಷಕ್ಕೆ ಒಂದು ಮೈಕ್ರಾನೂ ಸವೆಯುವುದಿಲ್ಲ. ಕಡಲ ಉಪ್ಪುಗಾಳಿ ನೇರವಾಗಿ ಬಡಿಯುವ ಕಡೆ ವರ್ಷಕ್ಕೆ 4ರಿಂದ 8 ಮೈಕ್ರಾನ್ ಹೋಗುತ್ತದೆ. ಒಂದೇ ಪೈಪು ಒಂದು ಊರಿನಲ್ಲಿ ಅರ್ಧ ಶತಮಾನ, ಇನ್ನೊಂದು ಊರಿನಲ್ಲಿ ಹತ್ತು ವರ್ಷ ಬಾಳುವುದೇಕೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಅಂಗಡಿಗಳಲ್ಲಿ ಜಿಪಿ ಪೈಪು ಎಂದು ಅಗ್ಗಕ್ಕೆ ಸಿಗುವುದು ಬೇರೆಯೇ ಸರಕು. ಮೊದಲೇ ಸತು ಹಚ್ಚಿದ ತಗಡನ್ನು ಮಡಿಸಿ, ಅಂಚುಗಳನ್ನು ಬೆಸೆದು ಮಾಡಿದ ಪೈಪು ಅದು. ಚದರ ಮೀಟರಿಗೆ 120 ಗ್ರಾಂ ಎಂದು ಅದರ ಮೇಲೆ ಬರೆದಿದ್ದರೆ ಅದು ಎರಡೂ ಮೈಗೆ ಸೇರಿದ ಲೆಕ್ಕ. ಒಂದು ಮೈಗೆ ಬರುವುದು 8 ಮೈಕ್ರಾನ್. ಹೊಸದರಲ್ಲಿ ಇದೇ ಹೆಚ್ಚು ಫಳಫಳ ಹೊಳೆಯುತ್ತದೆ. ಹೊಳಪು ನೋಡಿ ಕೊಂಡವರಿಗೆ ನಷ್ಟ.

ಸತುವಿನ ದೊಡ್ಡ ಗುಣ ಮುಚ್ಚುವುದಷ್ಟೇ ಅಲ್ಲ. ಹೊದಿಕೆಯಲ್ಲಿ ಗೀರು ಬಿದ್ದು ಉಕ್ಕು ಬಯಲಾದರೂ, ಪಕ್ಕದ ಸತು ತಾನು ಕರಗುತ್ತಾ ಉಕ್ಕನ್ನು ಕಾಯುತ್ತದೆ. ತೇವದಲ್ಲಿ ಎರಡು ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಮೊದಲು ಸವೆಯುತ್ತದೆ. ಸತುವಿನ ವಿಭವ ಮೈನಸ್ 0.76 ವೋಲ್ಟ್, ಕಬ್ಬಿಣದ್ದು ಮೈನಸ್ 0.44. ಹಂಫ್ರಿ ಡೇವಿ 1824ರಲ್ಲೇ ಬ್ರಿಟಿಷ್ ನೌಕೆಗಳ ತಾಮ್ರದ ತಳವನ್ನು ಹೀಗೆ ಬೇರೆ ಲೋಹದ ತುಂಡು ಕಟ್ಟಿ ಕಾಪಾಡಿ ತೋರಿಸಿದ್ದ. ಆದರೆ ಈ ಕಾವಲಿನ ಕೈ ಉದ್ದವಲ್ಲ. ಕೆಲವೇ ಮಿಲಿಮೀಟರ್ ಅಗಲದ ಗೀರನ್ನು ಸತು ಕಾಯಬಲ್ಲದು. ಬೆರಳಗಲ ಬಯಲಾದರೆ ಅದರ ನಡುಭಾಗ ಅನಾಥ. ಜಾಯಿಂಟುಗಳ ಕಥೆಯೆಲ್ಲ ಈ ಕೆಲವು ಮಿಲಿಮೀಟರುಗಳ ಮೇಲೆ ನಿಂತಿದೆ.

ಥ್ರೆಡ್ ಹಾಕಿ ಸಾಕೆಟ್ಟಿಗೆ ತಿರುಗಿಸುವುದು ಎಲ್ಲಕ್ಕಿಂತ ಬಳಕೆಯಲ್ಲಿರುವ ವಿಧಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬೀದಿಗಳಿಗೆ ಗ್ಯಾಸ್ ದೀಪ ಬಂದಾಗ, ಯುದ್ಧದಲ್ಲಿ ಉಳಿದುಹೋದ ಬಂದೂಕಿನ ನಳಿಗೆಗಳನ್ನೇ ಒಂದಕ್ಕೊಂದು ಕೂಡಿಸಿ ಗ್ಯಾಸ್ ಹರಿಸಿದ್ದುಂಟು. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಎಳೆದು ಪೈಪು ಮಾಡುವ ಪೇಟೆಂಟ್ ಪಡೆದ ಮೇಲೆ ಪೈಪು ಅಗ್ಗವಾಯಿತು. ಥ್ರೆಡ್ ಮಾತ್ರ ಒಂದೊಂದು ಕಾರ್ಖಾನೆಯಲ್ಲಿ ಒಂದೊಂದು ರೀತಿ. ಒಬ್ಬನ ಪೈಪಿಗೆ ಇನ್ನೊಬ್ಬನ ಸಾಕೆಟ್ ಕೂರುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ತಿರುಪುಗಳನ್ನು ಕಲೆಹಾಕಿ, ಅಳೆದು, ಅವುಗಳ ಸರಾಸರಿ ತೆಗೆದು 1841ರಲ್ಲಿ ಒಂದೇ ಅಳತೆಯ ಪ್ರಸ್ತಾಪ ಮುಂದಿಟ್ಟ. ಥ್ರೆಡ್ಡಿನ ಹಲ್ಲಿನ ಕೋನ 55 ಡಿಗ್ರಿ ಎಂದು ಆಗ ನಿಂತಿತು. ಬೆಂಗಳೂರಿನ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಇಂದು ಸಿಗುವ ಎಲ್ಬೋ, ಟೀ, ನಿಪ್ಪಲ್ಲುಗಳ ಹಲ್ಲಿನಲ್ಲಿ ಇರುವುದು ಅದೇ 55 ಡಿಗ್ರಿ. ಅಮೆರಿಕದವರದು 60 ಡಿಗ್ರಿ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡೂ ದೇಶದ ಥ್ರೆಡ್ಡುಗಳಿಗೆ ಇಂಚಿಗೆ 14 ಸುತ್ತು ಇರುವುದರಿಂದ ಆಮದು ಯಂತ್ರದ ನಳಿಗೆಗೆ ನಮ್ಮ ಸಾಕೆಟ್ ಹಚ್ಚಿದರೆ ಮೊದಲೆರಡು ಸುತ್ತು ಸಲೀಸಾಗಿ ತಿರುಗಿ ಮೋಸ ಮಾಡುತ್ತದೆ. ಎಷ್ಟು ಬಿಗಿದರೂ ಅದು ಸೋರುತ್ತದೆ.

ಪೈಪಿನ ತುದಿಯ ಥ್ರೆಡ್ ನೇರವಾಗಿಲ್ಲ, ಇಳಿಜಾರಾಗಿದೆ. 16 ಮಿಲಿಮೀಟರ್ ಒಳಗೆ ಹೋಗುವಷ್ಟರಲ್ಲಿ ಅದರ ವ್ಯಾಸ 1 ಮಿಲಿಮೀಟರ್ ಹೆಚ್ಚುತ್ತದೆ. ಗುದ್ದಲಿಯ ಕಾವಿಗೆ ಬೆಣೆ ಬಡಿದಂತೆ, ತಿರುಗಿಸಿದಷ್ಟೂ ಅದು ಸಾಕೆಟ್ಟನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಕೈಯಲ್ಲಿ ಆಗುವಷ್ಟು ತಿರುಗಿಸಿದ ಮೇಲೆ ಪಾನಾ ಹಾಕಿ ಒಂದೂವರೆ, ಎರಡು ಸುತ್ತು ಬಿಗಿದರೆ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ. ಅಷ್ಟಾದರೂ ಹಲ್ಲಿನ ತುದಿಗೂ ಎದುರು ಹಲ್ಲಿನ ಬುಡಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಈ ಸಂದು ಸುರುಳಿಯಾಗಿ ಒಳಗಿನಿಂದ ಹೊರಗಿನವರೆಗೆ ಸಾಗುವ ಒಂದೇ ಉದ್ದನೆಯ ದಾರಿ. ನೀರು ಸೋರುವುದು ಆ ದಾರಿಯಲ್ಲಿ. ಸೆಣಬಿನ ನಾರು ಸುತ್ತುವುದು, ಟೇಪ್ ಸುತ್ತುವುದು ಎಲ್ಲವೂ ಆ ದಾರಿಯನ್ನು ಮುಚ್ಚಲು. ಜಾಯಿಂಟನ್ನು ಹಿಡಿದು ನಿಲ್ಲಿಸುವುದು ಥ್ರೆಡ್. ನೀರನ್ನು ತಡೆಯುವುದು ಅದರೊಳಗಿನ ನಾರು.

ಹಿಂದಿನ ಪ್ಲಂಬರುಗಳು ಸೆಣಬನ್ನು ಸಫೇದದಲ್ಲಿ ಅಥವಾ ಅಗಸೆ ಎಣ್ಣೆ ಬೆರೆಸಿದ ಕೆಂಪು ಸೀಸದಲ್ಲಿ ನೆನೆಸಿ ಸುತ್ತುತ್ತಿದ್ದರು. ನಾರು ನೀರು ಕುಡಿದು ಉಬ್ಬುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ, ಜಾಯಿಂಟ್ ದಶಕಗಟ್ಟಲೆ ಸೋರುವುದಿಲ್ಲ. ತೊಂದರೆ ಇರುವುದು ಸೀಸದಲ್ಲಿ. ಕುಡಿಯುವ ನೀರಿನ ಪೈಪಿಗೆ ಸೀಸ ಬೆರೆತ ಯಾವ ಪದಾರ್ಥವನ್ನೂ ಹಚ್ಚಬಾರದು. ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ರಿಯಾಯಿತಿ ಬೇಡ. ಬದಲಿಗೆ ಬಂದ ಬಿಳಿ ಟೆಫ್ಲಾನ್ ಟೇಪಿನ ಮೂಲ 1938ರ ಒಂದು ಆಕಸ್ಮಿಕ. ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅನಿಲ ತುಂಬಿಟ್ಟಿದ್ದ ಸಿಲಿಂಡರಿನಿಂದ ಅನಿಲ ಬರದೆ ನಿಂತಾಗ ಅದನ್ನು ಕೊಯ್ದು ನೋಡಿದರು. ಒಳಗೆ ಜಾರುವ ಬಿಳಿ ಪುಡಿಯಿತ್ತು. ಯಾವುದಕ್ಕೂ ಅಂಟದ, ಬಹುತೇಕ ಯಾವ ರಾಸಾಯನಿಕಕ್ಕೂ ಜಗ್ಗದ ಪದಾರ್ಥ ಅದು. ಪೈಪಿನ ತುದಿ ನಮ್ಮ ಕಡೆಗಿದ್ದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಟೇಪ್ ಸುತ್ತಬೇಕು. ಹಿಮ್ಮುಖ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಟೇಪಿನ ಜಾರುಗುಣದಲ್ಲಿ ಒಂದು ಅಪಾಯವೂ ಇದೆ. ಬಿಗಿ ಆಗಿದ್ದು ಕೈಗೆ ತಿಳಿಯುವುದಿಲ್ಲ. ಪಾನಾ ಹಾಕಿ ಎಳೆದೇ ಎಳೆದರೆ ಬೆಣೆ ಒತ್ತಿ ಸಾಕೆಟ್ ಸೀಳುತ್ತದೆ. ಬಿಗಿದಾದ ಮೇಲೆ ಎಲ್ಬೋ ಸ್ವಲ್ಪ ವಾರೆಯಾಯಿತೆಂದು ಹಿಂದಕ್ಕೆ ತಿರುಗಿಸಿದರೆ ನಾರಾಗಲಿ ಟೇಪಾಗಲಿ ಹರಿದು ಸೋರಿಕೆ ಖಚಿತ. ಹಾಗಾದಾಗ ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತುವುದೊಂದೇ ದಾರಿ.

ಈಗ ನಮ್ಮ ಪ್ರಶ್ನೆಗೆ ಬರೋಣ. ಅರ್ಧ ಇಂಚಿನ ಪೈಪಿನ ಹೊರವ್ಯಾಸ 21.3 ಮಿಲಿಮೀಟರ್. ಬಿ ಕ್ಲಾಸ್ ಎಂದು ಕರೆಯುವ, ನೀಲಿ ಪಟ್ಟಿಯ ಮಧ್ಯಮ ದರ್ಜೆಯಲ್ಲಿ ಗೋಡೆಯ ದಪ್ಪ 2.6 ಮಿಲಿಮೀಟರ್. ಇಂಚಿಗೆ 14 ಸುತ್ತಿನ ಥ್ರೆಡ್ಡಿನ ಆಳ 1.16 ಮಿಲಿಮೀಟರ್. ಡೈ ತಿರುಗಿಸಿದ ಕಡೆಯೆಲ್ಲ 56 ಮೈಕ್ರಾನಿನ ಸತುವಂತೂ ಹೋಯಿತು, ಅದರ ಜೊತೆ ಉಕ್ಕಿನ ಗೋಡೆಯ ಹೆಚ್ಚುಕಡಿಮೆ ಅರ್ಧವೂ ಹೋಯಿತು. ಉಳಿದದ್ದು ಒಂದೂವರೆ ಮಿಲಿಮೀಟರಿಗೂ ಕಡಿಮೆ, ಅದೂ ಬರಿಮೈಯ ಉಕ್ಕು. ಹಳದಿ ಪಟ್ಟಿಯ ಎ ಕ್ಲಾಸ್ ಪೈಪಿನ ಗೋಡೆ 2 ಮಿಲಿಮೀಟರ್ ಮಾತ್ರ. ಥ್ರೆಡ್ ಹಾಕಿದ ಮೇಲೆ ಅಲ್ಲಿ ಮುಕ್ಕಾಲು ಮಿಲಿಮೀಟರ್ ಚಿಲ್ಲರೆ ಉಳಿಯುತ್ತದೆ. ನೀರಿನ ಕೆಲಸಕ್ಕೆ ಎ ಕ್ಲಾಸ್ ಬೇಡ ಎಂದು ಅನುಭವಿ ಪ್ಲಂಬರುಗಳು ಹೇಳುವುದು ಈ ಲೆಕ್ಕದಿಂದ. ಪೈಪಿನ ನಡುಭಾಗ ಎಷ್ಟು ದಪ್ಪ ಎಂಬುದಕ್ಕಿಂತ ಥ್ರೆಡ್ಡಿನ ಬುಡದಲ್ಲಿ ಎಷ್ಟು ಉಳಿದಿದೆ ಎಂಬುದೇ ಪೈಪಿನ ಆಯಸ್ಸು.

ಅರ್ಧ ಇಂಚಿಗೆ ಉಪಯೋಗಕ್ಕೆ ಬರುವ ಥ್ರೆಡ್ಡಿನ ಉದ್ದ ಸುಮಾರು 13 ಮಿಲಿಮೀಟರ್, ಅಂದರೆ ಏಳು ಸುತ್ತು. ಅದಕ್ಕಿಂತ ಉದ್ದ ಹಾಕಿದರೆ ಮಿಕ್ಕಿದ್ದು ಸಾಕೆಟ್ಟಿನ ಹೊರಗೆ ಬೆತ್ತಲೆ ನಿಲ್ಲುತ್ತದೆ. ಹೆಚ್ಚು ಥ್ರೆಡ್ ಹಾಕಿದರೆ ಹೆಚ್ಚು ಭದ್ರ ಎಂದುಕೊಳ್ಳುವವರಿದ್ದಾರೆ; ಫಲ ತದ್ವಿರುದ್ಧ. ಹೊರಗುಳಿದ ಒಂದೆರಡು ಸುತ್ತನ್ನು ಒರೆಸಿ, ಎಣ್ಣೆ ತೆಗೆದು, ಸತುವಿನ ಪುಡಿ ತುಂಬಿದ ಜಿಂಕ್ ಪೇಂಟ್ ಹಚ್ಚುವುದು ಐದು ನಿಮಿಷದ ಕೆಲಸ. ಸತು ಹೆಚ್ಚಿರುವ ಆ ಬಣ್ಣದಲ್ಲಿ ಪುಡಿಯ ಕಣಗಳು ಒಂದಕ್ಕೊಂದು, ಉಕ್ಕಿಗೂ ತಾಗಿಕೊಂಡಿರುತ್ತವೆ. ಆದ್ದರಿಂದ ಅದು ಮೂಲ ಹೊದಿಕೆಯ ಹಾಗೆ ತಾನು ಸವೆದು ಉಕ್ಕನ್ನು ಉಳಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಿಯುವ ಸಿಲ್ವರ್ ಪೇಂಟಿನಲ್ಲಿರುವುದು ಅಲ್ಯೂಮಿನಿಯಂ ಪುಡಿ. ಬಣ್ಣ ಹೊಂದಿಕೆಯಾಗುತ್ತದೆ, ಸತುವಿನ ಕೆಲಸವನ್ನು ಅದು ಮಾಡುವುದಿಲ್ಲ.

ಥ್ರೆಡ್ ಜಾಯಿಂಟಿಗೆ ಇನ್ನೊಂದು ಮಿತಿ ಜ್ಯಾಮಿತಿಯದು. ಎರಡು ಕಡೆ ಗಟ್ಟಿಯಾಗಿ ನಿಂತಿರುವ ಪೈಪುಗಳ ನಡುವೆ ಮೂರನೆಯ ತುಂಡನ್ನು ತಿರುಗಿಸಿ ಸೇರಿಸಲು ಬರುವುದಿಲ್ಲ. ಒಂದು ತುದಿ ಬಿಗಿಯಾಗುವಾಗ ಇನ್ನೊಂದು ತುದಿ ಸಡಿಲವಾಗುತ್ತದೆ. ಮೂರು ತುಂಡಿನ ಯೂನಿಯನ್ ಹುಟ್ಟಿದ್ದು ಇದಕ್ಕೆ. ಎರಡು ಅರ್ಧಗಳು ಎರಡು ಪೈಪಿಗೆ, ನಡುವಿನ ದೊಡ್ಡ ನಟ್ಟು ಎರಡನ್ನೂ ಎಳೆದು ಕೂಡಿಸುತ್ತದೆ. ಪೈಪು ತಿರುಗುವುದೇ ಇಲ್ಲ. ಪಂಪು, ಗೇಟ್‌ವಾಲ್ವ್ ಇರುವ ಕಡೆ ಯೂನಿಯನ್ ಹಾಕದೆ ಉಳಿಸಿದ ಇನ್ನೂರು ರೂಪಾಯಿ, ಮುಂದೆ ರಿಪೇರಿಯ ದಿನ ಇಡೀ ಸಾಲನ್ನು ಗರಗಸದಲ್ಲಿ ಕೊಯ್ಯಿಸುತ್ತದೆ.

ಥ್ರೆಡ್ಡಿನ ಮೇಲೆ ಬೀಳುವ ಭಾರವನ್ನು ತಿಳಿಯಲು ಹಳ್ಳಿಯ ಕೈಪಂಪಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪು ಕರ್ನಾಟಕದ ಊರೂರಿಗೂ ಬಂತು. ಕೊಳವೆಬಾವಿಯೊಳಗೆ ಅದರ ಸಿಲಿಂಡರನ್ನು ತೂಗುಹಾಕುವುದು 32 ಮಿಲಿಮೀಟರಿನ ಜಿಐ ಪೈಪುಗಳಿಂದ, ಒಂದೊಂದೂ 3 ಮೀಟರ್ ಉದ್ದ. 45 ಮೀಟರ್ ಆಳಕ್ಕೆ ಹದಿನೈದು ಪೈಪು ಬೇಕು. ಪೈಪಿನದೇ ತೂಕ 140 ಕಿಲೋ ಆಸುಪಾಸು, ಒಳಗೆ ನಿಂತ ನೀರು ಇನ್ನೊಂದು 45 ಕಿಲೋ. ಇಷ್ಟನ್ನೂ ಮೇಲಿನ ಒಂದು ಥ್ರೆಡ್ ಹೊತ್ತಿರುತ್ತದೆ. ಹಿಡಿಯನ್ನು ಒತ್ತಿದಾಗಲೆಲ್ಲ ಆ ಭಾರ ಜಗ್ಗುತ್ತದೆ, ಸಡಿಲುತ್ತದೆ. ಅಲ್ಲಿನ ಥ್ರೆಡ್ಡಿನ ಆಳ ಒಂದೂವರೆ ಮಿಲಿಮೀಟರ್, ಸುಮಾರು 3.2 ಮಿಲಿಮೀಟರಿನ ಗೋಡೆಯಲ್ಲಿ ಉಳಿದದ್ದು 1.7.

ನೀರಿನ ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಸತು ಬೇಗ ಕರಗಿಹೋಗುತ್ತದೆ. ಆಮೇಲೆ ಕಬ್ಬಿಣವೇ ಕರಗಿ ಬೆಳಗಿನ ಮೊದಲ ಬಿಂದಿಗೆ ಕೆಂಪಗೆ ಬರುತ್ತದೆ. ಥ್ರೆಡ್ ಮೊದಲೇ ಬರಿಮೈ, ಅಲ್ಲೇ ಗೋಡೆ ತೆಳು, ಅಲ್ಲೇ ಭಾರ. ಒಂದು ದಿನ ಪೈಪು ಕಳಚಿ ಸಿಲಿಂಡರಿನೊಂದಿಗೆ ಬಾವಿಯ ತಳ ಸೇರುತ್ತದೆ. ಆಮೇಲೆ ಬಂದ ಮಾರ್ಕ್ 3 ಪಂಪಿನಲ್ಲಿ ಪೈಪಿನ ಅಗಲವನ್ನೇ 65 ಮಿಲಿಮೀಟರಿಗೆ ಹೆಚ್ಚಿಸಿದರು. ಆಗ ಪೈಪುಗಳನ್ನು ಬಿಚ್ಚದೆಯೇ ಒಳಗಿನಿಂದ ಪಿಸ್ಟನ್ನನ್ನು ಮೇಲಕ್ಕೆ ಎಳೆದು ವಾಷರ್ ಬದಲಿಸಬಹುದು. ಪ್ರತಿ ಸಲ ಬಿಚ್ಚಿ ಬಿಗಿದಾಗಲೂ ಥ್ರೆಡ್ ಸವೆಯುತ್ತದೆ, ಆದ್ದರಿಂದ ಜಾಯಿಂಟನ್ನು ಮುಟ್ಟದಿರುವುದೇ ಒಳ್ಳೆಯ ರಿಪೇರಿ. ಹಳ್ಳಿಯವರೇ ಪಂಪು ನೋಡಿಕೊಳ್ಳುವಂತಾಗಲು ಇದು ದೊಡ್ಡ ಸಹಾಯ ಮಾಡಿತು. ನಮ್ಮ ಎಂಜಿನಿಯರಿಂಗಿನ ಮೆಚ್ಚಬೇಕಾದ ಕೆಲಸಗಳಲ್ಲಿ ಇದೂ ಒಂದೆಂದು ನಾನು ಎಣಿಸುತ್ತೇನೆ.

ವೆಲ್ಡಿಂಗಿನ ವಿಷಯಕ್ಕೆ ಬಂದರೆ ಸತುವಿನ ಇನ್ನೊಂದು ಸ್ವಭಾವ ಎದುರಾಗುತ್ತದೆ. ಸತು 419.5 ಡಿಗ್ರಿಯಲ್ಲಿ ಕರಗುತ್ತದೆ, 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಅಂದರೆ ಉಕ್ಕು ಬೆಸೆಯುವಷ್ಟು ಬಿಸಿಯಾಗುವ ಬಹಳ ಮೊದಲೇ ಅದರ ಮೇಲಿನ ಸತು ಹಾರಿಹೋಗಿರುತ್ತದೆ. ಆವಿ ಗಾಳಿಗೆ ತಾಗಿದ ಕೂಡಲೇ ಉರಿದು ಬಿಳಿಯ ಸತು ಆಕ್ಸೈಡ್ ಆಗುತ್ತದೆ. ಜಿಐ ಪೈಪಿಗೆ ವೆಲ್ಡಿಂಗ್ ರಾಡ್ ಮುಟ್ಟಿಸಿದಾಗ ಹಸಿರು ಛಾಯೆಯ ಜ್ವಾಲೆಯೊಂದಿಗೆ ಏಳುವ ದಟ್ಟ ಬಿಳಿ ಹೊಗೆ ಇದೇ.

ಹಿಂದಿನ ಲೋಹಶಾಸ್ತ್ರಜ್ಞರನ್ನು ಸತಾಯಿಸಿದ್ದೂ ಈ 907 ಡಿಗ್ರಿಯೇ. ಅದುರನ್ನು ಇದ್ದಿಲಿನೊಂದಿಗೆ ಕಾಯಿಸಿದರೆ ಕಬ್ಬಿಣ, ತಾಮ್ರ, ಸೀಸ ಕುಲುಮೆಯ ತಳದಲ್ಲಿ ಸಿಗುತ್ತವೆ. ಸತು ಅದುರಿನಿಂದ ಬೇರ್ಪಡಲು ಸಾವಿರ ಡಿಗ್ರಿಯಷ್ಟು ಶಾಖ ಬೇಕು; ಅಷ್ಟರಲ್ಲಿ ಅದು ಆವಿಯಾಗಿ, ಗಾಳಿಯಲ್ಲಿ ಉರಿದು, ಕೈಗೆ ಸಿಗದೆ ಹೋಗುತ್ತದೆ. ರಾಜಸ್ಥಾನದ ಉದಯಪುರದ ಬಳಿಯ ಝಾವರ್ ಗಣಿಯವರು ಇದನ್ನು ಗೆದ್ದರು. ಬದನೆಕಾಯಿಯ ಆಕಾರದ ಮಣ್ಣಿನ ಮೂಷೆಗಳಲ್ಲಿ ಅದುರು ತುಂಬಿ, ಬಾಯಿ ಕೆಳಗಾಗಿ ಒಂದು ಕುಲುಮೆಗೆ 36ರಂತೆ ಜೋಡಿಸಿ, ಮೇಲಿನಿಂದ ಬೆಂಕಿ ಕೊಟ್ಟರು. ಆವಿ ಕೆಳಗಿನ ತಂಪು ಕೋಣೆಗೆ ಇಳಿದು ಅಲ್ಲಿ ಲೋಹವಾಗಿ ತೊಟ್ಟಿಕ್ಕಿತು. ರಸರತ್ನಸಮುಚ್ಚಯವೆಂಬ ಸಂಸ್ಕೃತ ಗ್ರಂಥದಲ್ಲಿ ಈ ವಿಧಾನದ ವಿವರವಿದೆ. 1980ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂ, ಬರೋಡಾದ ವಿಶ್ವವಿದ್ಯಾಲಯ, ಹಿಂದೂಸ್ತಾನ್ ಜಿಂಕ್ ಸೇರಿ ನಡೆಸಿದ ಉತ್ಖನನದಲ್ಲಿ ಮೂಷೆಗಳು ಜೋಡಿಸಿದ ಸ್ಥಿತಿಯಲ್ಲೇ ಇದ್ದ ಕುಲುಮೆಗಳು ಸಿಕ್ಕವು. ಯುರೋಪಿನಲ್ಲಿ ವಿಲಿಯಂ ಚಾಂಪಿಯನ್ ಇಂಥದೇ ವಿಧಾನಕ್ಕೆ ಪೇಟೆಂಟ್ ಪಡೆದದ್ದು ಶತಮಾನಗಳ ನಂತರ, 1738ರಲ್ಲಿ. ಝಾವರಿನವರು ಗಾಳಿ ತಾಗದಂತೆ ಹಿಡಿದಿಟ್ಟ ಆವಿಯನ್ನು ವೆಲ್ಡರ್ ತನ್ನ ಮುಖದ ಮುಂದೆಯೇ ಗಾಳಿಗೆ ಬಿಡುತ್ತಾನೆ.

ಆ ಹೊಗೆಯ ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು, ನೇರ ಪುಪ್ಪುಸದ ಆಳಕ್ಕೆ ಇಳಿಯುತ್ತವೆ. ಇದೇ ಸತು ಆಕ್ಸೈಡ್ ಕ್ಯಾಲಮೈನ್ ಲೋಷನ್ನಿನಲ್ಲಿದ್ದು ಚರ್ಮಕ್ಕೆ ಹಿತ ಕೊಡುತ್ತದೆ; ಉಸಿರಿನಲ್ಲಿ ಹೋದರೆ ದೇಹ ಸೋಂಕಿಗೆ ತೋರುವಂಥ ಉರಿಯೂತವನ್ನೇ ತೋರುತ್ತದೆ. ಕೆಲಸ ಮುಗಿದು ನಾಲ್ಕರಿಂದ ಹನ್ನೆರಡು ಗಂಟೆಯ ನಂತರ ಬಾಯಲ್ಲಿ ಸಿಹಿ ಬೆರೆತ ಲೋಹದ ರುಚಿ, ಒಣ ಗಂಟಲು, ಚಳಿ, ಜ್ವರ, ಮೈಕೈ ನೋವು. ಒಂದೆರಡು ದಿನದಲ್ಲಿ ತಾನೇ ಇಳಿಯುವುದರಿಂದ ಫ್ಲೂ ಬಂದಿತ್ತೆಂದು ಎಷ್ಟೋ ಜನ ಸುಮ್ಮನಾಗುತ್ತಾರೆ. ದಿನವೂ ಹೊಗೆ ಕುಡಿದರೆ ದೇಹ ಸ್ವಲ್ಪ ಒಗ್ಗಿಕೊಳ್ಳುತ್ತದೆ, ರಜೆಯ ಒಂದೆರಡು ದಿನದಲ್ಲಿ ಆ ಒಗ್ಗಿಕೆ ಅಳಿಯುತ್ತದೆ. ಆದ್ದರಿಂದ ಭಾನುವಾರ ಕಳೆದು ಕೆಲಸಕ್ಕೆ ಬಂದ ದಿನ ಜ್ವರ ಜೋರು. ಇದಕ್ಕೆ ಸೋಮವಾರದ ಜ್ವರ ಎಂಬ ಹೆಸರೇ ಇದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ತೊಳೆದುಹೋಗುತ್ತದೆಂದು ವೆಲ್ಡಿಂಗ್ ಶೆಡ್ಡುಗಳಲ್ಲಿ ಗಟ್ಟಿ ನಂಬಿಕೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗಿದ್ದು ಪುಪ್ಪುಸಕ್ಕೆ. ಮೂಗಿಗೆ ಕಟ್ಟಿಕೊಂಡ ಟವೆಲ್ಲಿನ ನೂಲಿನ ಸಂದುಗಳು ಈ ಕಣಗಳಿಗೆ ಹೆಬ್ಬಾಗಿಲು.

ಬೆಸುಗೆಗೂ ಸತು ಒಳ್ಳೆಯದಲ್ಲ. ಕರಗಿದ ಉಕ್ಕಿನ ಕೊಳದಡಿಯಲ್ಲಿ ಸಿಕ್ಕಿಕೊಂಡ ಆವಿ ಹೊರಬರಲು ಹೆಣಗಿ ಗುಳ್ಳೆಗಳನ್ನು ಬಿಡುತ್ತದೆ. ಬೆಸುಗೆ ಒಳಗೆ ಪೊಳ್ಳಾಗುತ್ತದೆ, ಕಿಡಿಗಳು ಸಿಡಿಯುತ್ತವೆ. ಕರಗಿದ ಸತು ಉಕ್ಕಿನ ಹರಳುಗಳ ನಡುವಿನ ಗಡಿಗಳಿಗೆ ನುಗ್ಗಿ, ಎಳೆತವಿರುವ ಕಡೆ ಬಿರುಕು ತರಿಸುವುದೂ ಉಂಟು. ಆದ್ದರಿಂದ ಬೆಸೆಯುವ ಜಾಗದ ಎರಡೂ ಬದಿಗೆ ಕನಿಷ್ಠ ಒಂದು ಇಂಚು, ಸಾಧ್ಯವಾದರೆ ಇನ್ನೂ ಹೆಚ್ಚು ಅಗಲ ಸತುವನ್ನು ಗ್ರೈಂಡರಿನಿಂದ ತೆಗೆದು, ಬರಿ ಉಕ್ಕಿಗೆ ಬೆಸುಗೆ ಹಾಕಿ, ಕಿಟ್ಟ ಬಡಿದು, ಬ್ರಷ್ ಉಜ್ಜಿ, ತಣಿದ ಮೇಲೆ ಜಿಂಕ್ ಪೇಂಟ್ ಹಚ್ಚುವುದು ಸರಿಯಾದ ಕ್ರಮ. ಇಷ್ಟೆಲ್ಲ ಮಾಡಿದರೂ ಪೈಪಿನ ಒಳಮೈ ಕೈಗೆ ಸಿಗುವುದಿಲ್ಲ. ಅಲ್ಲಿ ಸತು ಸುಟ್ಟು ಹೋಗಿರುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ನೀರು ಹರಿಯುವುದು ಅದೇ ಒಳಮೈಯ ಮೇಲೆ. ಈ ಕಾರಣಕ್ಕೆ ನೀರಿನ ಜಿಐ ಪೈಪಿಗೆ ವೆಲ್ಡಿಂಗ್ ಮಾಡಲೇಬಾರದು ಎಂಬುದು ನನ್ನ ಖಚಿತ ಮಾತು. ತೂತು ಬಿದ್ದ ಪೈಪಿಗೆ ಬೆಸುಗೆಯ ತೇಪೆ ಹಾಕಿದರೆ ಮುಂದಿನ ತೂತು ಆ ತೇಪೆಯ ಪಕ್ಕದಲ್ಲೇ ಬೀಳುತ್ತದೆ.

ಗೇಟು, ಕಟಕಟೆ, ಚಪ್ಪರದಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ಒಂದಿದೆ: ಕಪ್ಪು ಪೈಪಿನಲ್ಲೇ ಎಲ್ಲ ವೆಲ್ಡಿಂಗ್ ಮುಗಿಸಿ, ಇಡೀ ಚೌಕಟ್ಟನ್ನು ಗ್ಯಾಲ್ವನೈಸಿಂಗ್ ಘಟಕಕ್ಕೆ ಕಳಿಸಿ ಸತುವಿನಲ್ಲಿ ಅದ್ದಿಸುವುದು. ಬೆಸುಗೆಯ ಮೇಲೂ, ಪೈಪಿನ ಒಳಗೂ ಸತು ಹರಿಯುತ್ತದೆ. ಇಲ್ಲಿ ಒಂದು ಜೀವದ ಎಚ್ಚರಿಕೆ ಇದೆ. ಎರಡೂ ತುದಿ ಮುಚ್ಚಿ ಬೆಸೆದ ಪೈಪನ್ನು 450 ಡಿಗ್ರಿಯ ತೊಟ್ಟಿಗೆ ಇಳಿಸಿದರೆ ಒಳಗಿನ ತೇವ ಕ್ಷಣದಲ್ಲಿ ಹಬೆಯಾಗಿ ಪೈಪು ಸಿಡಿಯುತ್ತದೆ, ಕರಗಿದ ಸತು ಸುತ್ತಲಿನವರ ಮೇಲೆ ಎರಚುತ್ತದೆ. ಪ್ರತಿಯೊಂದು ಟೊಳ್ಳು ಭಾಗಕ್ಕೂ ಗಾಳಿ ಹೋಗಲು, ಸತು ಬಸಿಯಲು ತೂತುಗಳಿರಬೇಕು. ಚೌಕಟ್ಟು ಮಾಡುವಾಗಲೇ ಇವನ್ನು ಕೊರೆಯಬೇಕು, ಘಟಕದವರಿಗೆ ತೋರಿಸಿ ಒಪ್ಪಿಸಬೇಕು.

ಶಾಖ ಕಡಿಮೆ ಮಾಡುವ ದಾರಿಯೂ ಇದೆ. ಸಿಲಿಕಾನ್ ಬೆರೆತ ತಾಮ್ರದ ತಂತಿಯಿಂದ ಬ್ರೇಜಿಂಗ್ ಮಾಡಿದರೆ ಸುಮಾರು ಸಾವಿರ ಡಿಗ್ರಿಯಲ್ಲಿ ಕೆಲಸ ಮುಗಿಯುತ್ತದೆ, ಉಕ್ಕು ಕರಗುವುದಿಲ್ಲ, ಸತು ಸುಡುವ ಅಗಲವೂ ಕಿರಿದು. ಕಾರಿನ ಮೈಯ ತಗಡುಗಳಿಗೆ ಇದು ಬಳಕೆಯಲ್ಲಿದೆ. ನಮ್ಮ ಸಣ್ಣ ವರ್ಕ್‌ಶಾಪುಗಳಿಗೆ ತಂತಿಯ ಬೆಲೆ ದುಬಾರಿ.

ಸತುವನ್ನು ಮುಟ್ಟದೆ ಜೋಡಿಸುವ ಬಗೆಗಳು ನನಗೆ ಹೆಚ್ಚು ಇಷ್ಟ. ಮೊದಲ ಮಹಾಯುದ್ಧದ ಅನುಭವದಿಂದ ಬ್ರಿಟಿಷ್ ಸೇನಾ ಎಂಜಿನಿಯರ್ ಅರ್ನೆಸ್ಟ್ ಟ್ರೈಬ್ ಒಂದು ಜಾಯಿಂಟ್ ರೂಪಿಸಿದ. ಪೈಪಿನ ತುದಿಯ ಸುತ್ತ ಒಂದು ತೋಡು, ಎರಡೂ ತುದಿಯನ್ನು ಅಪ್ಪುವ ರಬ್ಬರ್ ಬಳೆ, ಅದರ ಮೇಲೆ ತೋಡಿಗೆ ಕಚ್ಚಿಕೊಳ್ಳುವ ಎರಡು ಹೋಳಿನ ಕವಚ, ಎರಡು ಬೋಲ್ಟು. ಒಳಗಿನ ಒತ್ತಡ ಹೆಚ್ಚಿದಷ್ಟೂ ರಬ್ಬರಿನ ತುಟಿ ಪೈಪಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಇಂದಿನ ಎತ್ತರದ ಕಟ್ಟಡಗಳಲ್ಲಿ ಬೆಂಕಿ ಆರಿಸುವ ನೀರಿನ ಪೈಪುಗಳನ್ನು ಗಮನಿಸಿದರೆ ಎರಡು ಬೋಲ್ಟಿನ ಈ ಕೆಂಪು ಕವಚಗಳು ಕಾಣುತ್ತವೆ. ತೋಡನ್ನು ಕೊರೆಯುವ ಬದಲು ಉರುಳೆಯಿಂದ ಒತ್ತಿ ಮಾಡಿದರೆ ಲೋಹ ಕಳೆಯುವುದಿಲ್ಲ, ಸತುವಿನ ಬಹುಪಾಲು ಉಳಿಯುತ್ತದೆ. ನೀರು ಹರಿಯದ, ಬರೀ ಆಧಾರಕ್ಕೆ ನಿಂತ ಪೈಪುಗಳಿಗಂತೂ ಕ್ಲ್ಯಾಂಪು ಸಾಕು. 1934ರಲ್ಲಿ ಇಂಗ್ಲೆಂಡಿನ ಜಾರ್ಜ್ ಗ್ಯಾಸ್ಕೋಯ್ನ್ ಹಸು ಕರೆಯುವ ಕೊಟ್ಟಿಗೆಗಳ ಕಟಕಟೆಗೆಂದು ಬಿಗಿತಿರುಪಿನ ಫಿಟಿಂಗ್ ತಂದರು. ಪೈಪನ್ನು ಒಳಗೆ ತೂರಿಸಿ ಒಂದು ತಿರುಪು ಬಿಗಿದರೆ ಮುಗಿಯಿತು. ನಮ್ಮಲ್ಲಿ ಪಾಲಿಹೌಸ್ ಕಟ್ಟುವ ಒಳ್ಳೆಯ ಕೆಲಸಗಾರರು ಪೈಪಿನೊಳಗೆ ಪೈಪು ತೂರಿಸಿ ನಟ್ಟು ಬೋಲ್ಟು ಹಾಕುತ್ತಾರೆ, ಹೊಲದಲ್ಲಿ ವೆಲ್ಡಿಂಗ್ ಸೆಟ್ ಇಳಿಸುವುದಿಲ್ಲ. ಒಳಗೆ ಸದಾ ತೇವವಿರುವ ಹಸಿರುಮನೆಯಲ್ಲಿ ಒಂದೊಂದು ಬೆಸುಗೆಯೂ ಒಂದೊಂದು ತುಕ್ಕಿನ ಬೀಜ. ಪಾಲಿಹೌಸಿಗೆ ಸಾಲ ಮಾಡುವ ರೈತರು ಕರಾರಿನಲ್ಲೇ ಇದನ್ನು ಬರೆಸಿಕೊಳ್ಳಬೇಕು.

ಜೋಡಿಸುವ ಇನ್ನೊಂದು ಲೋಹವೂ ಮುಖ್ಯ. ಜಿಐ ಪೈಪಿನ ಮೇಲಕ್ಕೆ, ಅಂದರೆ ನೀರು ಬರುವ ದಿಕ್ಕಿನಲ್ಲಿ, ತಾಮ್ರದ ಪೈಪಿದ್ದರೆ ಕರಗಿ ಬಂದ ತಾಮ್ರದ ಕಣ ಸತುವಿನ ಮೇಲೆ ಕೂತು ಅಲ್ಲಲ್ಲಿ ಕೊರೆಯುತ್ತದೆ. ಮೊದಲು ಜಿಐ, ಆಮೇಲೆ ತಾಮ್ರ ಎಂಬ ಕ್ರಮ ಕ್ಷೇಮ. ಬಿಸಿನೀರಿನದು ಇನ್ನೂ ವಿಚಿತ್ರ. ಸುಮಾರು 60 ಡಿಗ್ರಿ ದಾಟಿದರೆ ಕೆಲವು ಬಗೆಯ ನೀರಿನಲ್ಲಿ ಸತು, ಕಬ್ಬಿಣಗಳ ಪಾತ್ರ ಅದಲುಬದಲಾಗುತ್ತದೆ. ಸತು ತಾನು ಉಳಿದು ಕಬ್ಬಿಣವನ್ನು ಸವೆಸುತ್ತದೆ, ಬಯಲಾದ ಜಾಗದಲ್ಲಿ ಆಳವಾದ ಗುಂಡಿ ಬೀಳುತ್ತದೆ. ಬೆಂಗಳೂರಿನ ತಾರಸಿಗಳ ಸೋಲಾರ್ ಹೀಟರಿನ ನೀರು ಬಿಸಿಲಿನ ದಿನ 60 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಹಳೆಯ ಜಿಐ ಬಿಸಿನೀರಿನ ಸಾಲಿನಲ್ಲಿ ಜಾಯಿಂಟುಗಳು ಒಂದಾದ ಮೇಲೊಂದು ಸೋರತೊಡಗಿದರೆ ಪ್ಲಂಬರನ್ನು ಬೈಯುವ ಬದಲು ಪೈಪಿನ ಜಾತಿಯನ್ನೇ ಬದಲಿಸಿ.

ವೆಲ್ಡಿಂಗ್ ಮಾಡಿಸಲೇಬೇಕಾದ ಕೆಲಸವಿದ್ದರೆ, ಮಾಡಿಸುವವರಿಗೆ ಒಂದು ಮಾತು. ಗ್ರೈಂಡರ್ ಹಿಡಿದು ಸತು ತೆಗೆಯುವ ಕೂಲಿಯನ್ನು ಬೇರೆಯಾಗಿ ಕೊಡಿ. ಅದನ್ನು ಕೊಡದೆ ರೇಟು ಚೌಕಾಸಿ ಮಾಡಿದರೆ ಆ ಸತು ಸುಡುವುದು ವೆಲ್ಡರಿನ ಉಸಿರಿನಲ್ಲಿ. ಕೆಲಸ ಶೆಡ್ಡಿನ ಮೂಲೆಯಲ್ಲಿ ಬೇಡ, ಬಯಲಿನಲ್ಲಿ ನಡೆಯಲಿ. ಗಾಳಿ ಅವರ ಬೆನ್ನಿನಿಂದ ಬಾರದೆ ಪಕ್ಕದಿಂದ ಬೀಸಲಿ, ಇಲ್ಲವಾದರೆ ಒಂದು ಫ್ಯಾನ್ ಇಟ್ಟುಕೊಡಿ. ವೆಲ್ಡಿಂಗ್ ಹೊಗೆಗೆಂದೇ ಮಾಡಿದ ಫಿಲ್ಟರ್ ಮಾಸ್ಕ್, ಅದಿಲ್ಲದಿದ್ದರೆ ಕನಿಷ್ಠ ಎನ್‌95, ನೀವೇ ತಂದುಕೊಡಿ. ಒಂದು ಡಬ್ಬಿ ಜಿಂಕ್ ಪೇಂಟನ್ನೂ ಜೊತೆಗೆ ತನ್ನಿ.